ಯಾರಿಂದ ಎಂಬ ಕಾಲಂ

ಟಪಾಲು ರಜಿಸ್ಟರಿನಲ್ಲಿ ಆರು ಕಾಲಂಗಳಿವೆ. ಕ್ರಮ ಸಂಖ್ಯೆ, ತಾರೀಖು, ಯಾರಿಂದ, ವಿಷಯ, ಯಾವ ಶಾಖೆಗೆ, ಸಹಿ. ಯಾದಗಿರಿಯ ಒಂದು ಸರಕಾರಿ ಕಚೇರಿಯ ಕೆಳಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು, ಬಂದ ಕಾಗದಗಳನ್ನೆಲ್ಲ ಈ ಆರು ಕಾಲಂಗಳಿಗೆ ಇಳಿಸುವುದು ನನ್ನ ಕೆಲಸ. ಕಂಪ್ಯೂಟರ್ ಬಂದಿದೆ. ಕರೆಂಟು ಹೋಗುತ್ತದೆ. ಹಾಗಾಗಿ ರಜಿಸ್ಟರು ಉಳಿದಿದೆ.

ಮೊನ್ನೆ ಹಳೆಯದೊಂದು ರಜಿಸ್ಟರನ್ನು ದಾಖಲೆ ಕೋಣೆಗೆ ಕಳಿಸುವ ಮೊದಲು ಸುಮ್ಮನೆ ತೆರೆದು ನೋಡಿದೆ. ನೋಡದೇ ಇದ್ದಿದ್ದರೆ ಇದನ್ನು ಬೇರೆ ಥರ ಬರೆಯುತ್ತಿದ್ದೆ, ಇನ್ನೂ ನೇರವಾಗಿ, ಇನ್ನೂ ಚೆಂದವಾಗಿ. ಅಲ್ಲಿ ಕಂಡದ್ದನ್ನು ಕೊನೆಗೆ ಹೇಳುತ್ತೇನೆ. ಮೊದಲು ನನಗೆ ನೆನಪಿರುವ ಹಾಗೆಯೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಸೋಮವಾರ, ಕಚೇರಿ ಎದುರಿನ ಬೇವಿನ ಮರದ ಕೆಳಗೆ ಶಾಮಿಯಾನ ಎದ್ದಿತು. ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವ ಹೆಂಗಸರು. ಶಹಾಪುರದ ಕಡೆಯಿಂದ ಒಂದು ಕ್ರೂಸರ್ ಗಾಡಿ, ಸುರಪುರದ ಕಡೆಯಿಂದ ಎರಡು ಬಂದಿದ್ದವು. ಹತ್ತಿರದ ಹಳ್ಳಿಗಳವರು ಬಸ್ಸಿನಲ್ಲಿ ಬಂದಿದ್ದರು. ನಮ್ಮ ಕಚೇರಿ ಎದುರು ಧರಣಿ ಹೊಸದಲ್ಲ. ಬ್ಯಾನರ್ ನೋಡಿದರೆ ಸಾಕು, ಯಾವ ಸಂಘ, ಯಾವ ಬಣ, ಎಷ್ಟು ದಿನ ಕೂಡುತ್ತಾರೆ ಎಂದು ನಾವು ಹೇಳಬಲ್ಲೆವು. ಬ್ಯಾನರಿನ ಎರಡೂ ಬದಿಗೆ ಮುಖಗಳಿರುತ್ತವೆ: ಅಧ್ಯಕ್ಷರು, ಉಪಾಧ್ಯಕ್ಷರು, ಕೈ ಮುಗಿದವರು, ಬೆರಳು ಎತ್ತಿದವರು. ಈ ಬ್ಯಾನರಿನಲ್ಲಿ ಒಂದೂ ಮುಖವಿರಲಿಲ್ಲ. ‘ಬಿಸಿಯೂಟ ಮಾಡುವವರ ಧರಣಿ’ ಎಂದಷ್ಟೇ ಇತ್ತು. ಸಂಘದ ಹೆಸರಿಲ್ಲ, ಫೋನ್ ನಂಬರಿಲ್ಲ.

ನೋಡಿ ಬಾ ಎಂದು ನಮ್ಮ ಜವಾನನನ್ನು ಕಳಿಸಿದೆವು. ಅವನು ಹೋಗಿ, ಅಲ್ಲೇ ಅರ್ಧ ತಾಸು ಕಳೆದು ಬಂದ.

“ಯಾರು ಕರದಾರಂತ ಇವರನ್ನ?” ಎಂದರು ನನ್ನ ಎದುರು ಮೇಜಿನ ಹಿರಿಯ ಗುಮಾಸ್ತರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಬಾಯಲ್ಲಿ ಯಾವಾಗಲೂ ಅಡಿಕೆ.

“ಯಾರೂ ಕರದಿಲ್ಲಂತ್ರಿ. ವಾಟ್ಸಾಪಿನಾಗ ಬಂದಿತ್ತಂತ.”

“ಕಳಿಸ್ದೋರು ಯಾರು?”

“ಎಲ್ಲಾರೂ ಮತ್ತೊಬ್ರು ಕಳಿಸ್ಯಾರ ಅಂತಾರ್ರಿ.”

“ಬೇಡಿಕಿ ಏನು?”

“ಒಬ್ಬಾಕಿ ಪಗಾರ ಅಂದ್ಲು. ಒಬ್ಬಾಕಿ ಗ್ಯಾಸ್ ಅಂದ್ಲು. ಮತ್ತೊಬ್ಬಾಕಿ ನಮ್ಮ ಹೆಡ್‌ಮಾಸ್ತರು ಸರಿ ಇಲ್ಲ ಅಂದ್ಲು. ಇನ್ನೊಬ್ಬಾಕಿ ಸಂಡಾಸ ಎಲ್ಲದರಿ ಅಂತ ಕೇಳಿದ್ಲು. ಅದೂ ಬೇಡಿಕಿನೇ ಅನ್ರಿ ಮತ್ತ.”

ಗುಮಾಸ್ತರು ನಕ್ಕರು. “ತಲಿ ಇಲ್ಲದ ಮೆರವಣಿಗಿ ಇದು. ಸಾಹೇಬ್ರು ಕೆಳಗ ಇಳದ್ರೂ ಯಾರ ಕೂಡ ಮಾತಾಡಬೇಕು?”

ನಾನು ಹೌದೆಂದು ತಲೆಯಾಡಿಸಿದೆ. ತೋರಿಕೆಗಲ್ಲ, ಮನಸಾರೆ ಒಪ್ಪಿದ್ದೆ. ಆಮೇಲೆ ಕಿಟಕಿಯಾಚೆ ನೋಡಿದೆ. ಶಾಮಿಯಾನದ ಮೂರನೇ ಸಾಲಿನಲ್ಲಿ, ಕಂಬಕ್ಕೆ ಒರಗಿ, ಹಸಿರು ಸೀರೆಯುಟ್ಟು ನನ್ನ ಅಕ್ಕ ಕುಳಿತಿದ್ದಳು. ಕಿಟಕಿಯ ಕಡೆ ತಿರುಗಿ ನೋಡಲಿಲ್ಲ. ನೋಡಬೇಡ ಎಂದು ಹೇಳಿದವನು ನಾನೇ.

ಹಿಂದಿನ ದಿನ ಫೋನಿನಲ್ಲಿ ಅವಳು ಬರುತ್ತೇನೆ ಎಂದಾಗ ನಾನು ಹೇಳಿದ್ದು ಒಂದೇ ಮಾತು: “ಆಫೀಸಿನ ಮುಂದ ನನ್ನ ಮಾತಾಡಸಬ್ಯಾಡ.” ಸರಕಾರಿ ನೌಕರ, ಧರಣಿ ಕೂತವರ ಜೊತೆ ನಂಟು ಕಾಣಿಸಬಾರದು ಎಂದು ಕಾರಣ ಕೊಟ್ಟೆ. ಅದು ಅರ್ಧ ಕಾರಣ. ನನ್ನ ಹೆಸರು ಕೇಳಿದರೆ ನನ್ನ ಕೇರಿ ಗೊತ್ತಾಗುವುದಿಲ್ಲ. ನಮ್ಮಪ್ಪ ಬೌದ್ಧನಾದ ಮೇಲೆ ಹುಟ್ಟಿದ ಮಗ ನಾನು, ಹೆಸರು ಹಾಗಿದೆ. ಸೇವಾ ಪುಸ್ತಕದಲ್ಲಿ ಎಲ್ಲವೂ ಬರೆದಿದೆ. ಬಾಯಲ್ಲಿ ಬಂದಿಲ್ಲ. ಕಚೇರಿಯಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ, ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಒಬ್ಬರ ಪಲ್ಯ ಒಬ್ಬರು ತೆಗೆದುಕೊಳ್ಳುತ್ತೇವೆ. ಅಕ್ಕ ಬಂದು ತಮ್ಮಾ ಎಂದು ಕರೆದರೆ, ಅವಳು ಯಾರು, ಯಾಕೆ ಬಂದಿದ್ದಾಳೆ ಎಂಬ ಪ್ರಶ್ನೆಗಳು ಬರುತ್ತವೆ. ಅವಳು ಯಾಕೆ ಬಂದಿದ್ದಾಳೆ ಎಂಬುದಕ್ಕೆ ಉತ್ತರ ಒಂದೇ ಇತ್ತು.

ಅವಳು ಶಹಾಪುರಕ್ಕೂ ಸುರಪುರಕ್ಕೂ ನಡುವಿನ ಒಂದು ಊರಿನ ಶಾಲೆಯಲ್ಲಿ ಹತ್ತು ವರ್ಷ ಸಹಾಯಕಿಯಾಗಿದ್ದಳು: ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು. ಆ ವರ್ಷ ಹಳೆಯ ಮುಖ್ಯ ಅಡುಗೆಯವರು ವಯಸ್ಸಾಗಿ ಬಿಟ್ಟರು. ಹಿರಿತನದಲ್ಲಿ ಮುಂದಿನವಳು ಅಕ್ಕ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಸೌಟು ಅವಳ ಕೈಗೆ ಬಂತು. ಮರುವಾರದಿಂದ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಮೊದಲ ದಿನ ನಾಲ್ಕು ಡಬ್ಬಿ. ಆಮೇಲೆ ಒಂದು ಸಾಲು. ಆಮೇಲೆ ಅರ್ಧ ಶಾಲೆ. ಹೆಡ್‌ಮಾಸ್ತರರು ಕೆಟ್ಟವರಲ್ಲ, ಅಕ್ಕನೇ ಹಾಗೆ ಹೇಳುತ್ತಾಳೆ. “ಜರಾ ದಿನ ಪಾತ್ರಿ ಕಡಿ ನೋಡಕೋರಿ ಅಕ್ಕೋರ, ಊರು ತಣ್ಣಗಾಗಲಿ,” ಎಂದರಂತೆ. ಸೌಟು ಇನ್ನೊಬ್ಬರ ಕೈಗೆ ಹೋಯಿತು. ಹಾಜರಿ ಪುಸ್ತಕದಲ್ಲಿ ಅಕ್ಕ ಮುಖ್ಯ ಅಡುಗೆಯವಳು, ನಲ್ಲಿಯ ಹತ್ತಿರ ಪಾತ್ರೆ ತಿಕ್ಕುವವಳು. ಆದೇಶ ಬರಹದಲ್ಲಿಲ್ಲ. ಯಾರು ಹೇಳಿದರು ಎಂದರೆ ಯಾರೂ ಹೇಳಿಲ್ಲ. ಊರಲ್ಲಿ ಯಾರನ್ನು ಕೇಳಿದರೂ, ನಮ್ಮದೇನಿಲ್ಲ ಮಕ್ಕಳೇ ಉಣವಲ್ಲರು ಎನ್ನುತ್ತಿದ್ದರು.

ನಾಯಕರಿಲ್ಲದ ಚಳವಳಿ ಎಂದರೆ ನನಗೆ ಮೊದಲು ನೆನಪಾಗುವುದು ಬೇವಿನ ಮರದ ಕೆಳಗಿನ ಶಾಮಿಯಾನವಲ್ಲ, ಆ ಡಬ್ಬಿಗಳು. ಅದಕ್ಕೂ ಮುಖಂಡರಿರಲಿಲ್ಲ. ಗುರಿ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿತ್ತು.

ಎರಡನೆಯ ದಿನ ಅವರು ಒಂದು ತಪ್ಪು ಮಾಡಿದರು. ಬೇರೆ ಯಾರು ಧರಣಿ ಕೂತಿದ್ದರೂ ಆ ತಪ್ಪು ಆಗುತ್ತಿರಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಆ ಹೆಂಗಸರ ಕೈಗಳು ತಾವಾಗಿಯೇ ಚಡಪಡಿಸತೊಡಗಿದವು. ವರ್ಷಗಟ್ಟಲೆ ಆ ಹೊತ್ತಿಗೆ ಒಲೆ ಹಚ್ಚಿದವರು. ಸುಮ್ಮನೆ ಕುಳಿತು ಘೋಷಣೆ ಕೂಗುವುದು ಅವರಿಗೆ ಬರಲಿಲ್ಲ, ಕೂಗುವುದು ಏನು ಎಂಬುದೂ ತೀರ್ಮಾನವಾಗಿರಲಿಲ್ಲ. ಯಾರೋ ಒಲೆಗೆ ಇಟ್ಟಿಗೆ ತಂದರು, ಯಾರೋ ಸೌದೆ, ಯಾರೋ ಪರಿಚಯದ ಅಂಗಡಿಯಿಂದ ಅಕ್ಕಿ ಬೇಳೆ. ದೊಡ್ಡ ದೊಡ್ಡ ಪಾತ್ರೆಗಳು ಒಲೆಯ ಮೇಲೆ ಕೂತವು. ಅಳತೆ ಮಾತ್ರ ಅವರ ಶಾಲೆಗಳ ಅಳತೆ. ನಲವತ್ತು ಜನಕ್ಕೆ ಅನ್ನ ಮಾಡುವುದು ಹೇಗೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮುನ್ನೂರಕ್ಕೆ ಗೊತ್ತಿತ್ತು. ಹನ್ನೆರಡೂವರೆಗೆ ಅನ್ನ ಸಾರು ಬೆಟ್ಟದಷ್ಟಾಗಿ, ಚೆಲ್ಲಲು ಮನಸ್ಸಾಗದೆ, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದರು. ಆಟೋದವರು ಬಂದರು. ರೈಲಿಗೆ ಕಾಯುತ್ತಿದ್ದವರು ಬಂದರು. ಕಾವಲಿಗೆ ನಿಂತ ಪೊಲೀಸರು ಬಂದರು. ನಮ್ಮ ಜವಾನ ಎರಡು ಸಲ ಹೋದ.

“ಬೇಡಿಕಿ ಏನಂತ ಇವತ್ತರ ತಿಳೀತೇನು?” ಎಂದರು ಗುಮಾಸ್ತರು.

“ಅದು ತಿಳೀಲಿಲ್ರಿ. ಸಾರು ಮಾತ್ರ ಖರೇನ ಛಲೋ ಅದ.”

ಸಂಜೆಯೊಳಗೆ ಮೊಬೈಲಿನಲ್ಲಿ ವಿಡಿಯೋ ಹರಿದಾಡಿತು. ಪೊಲೀಸರೊಬ್ಬರು ತಟ್ಟೆ ಹಿಡಿದು ನಗುತ್ತಿದ್ದರು, ಹಿಂದೆ ಬ್ಯಾನರ್. ಕೆಳಗೆ ಯಾರೋ ಬರೆದಿದ್ದರು: ಪಗಾರ ಸಾಲದಂತೆ, ದಿನಾ ಹಬ್ಬದೂಟ ಅಂತೆ. ಅದಕ್ಕೆ ನಗುವ ಮುಖಗಳು ಸಾಲು ಸಾಲು. ನಾನು ಅದನ್ನು ಮೂರು ಸಲ ನೋಡಿದೆ. ಸಿಟ್ಟು ಬಂತು. ವಿಡಿಯೋ ಮಾಡಿದವನ ಮೇಲಲ್ಲ, ಆ ಹೆಂಗಸರ ಮೇಲೆ. ಒಬ್ಬರು, ಒಬ್ಬರೇ ಒಬ್ಬರು ಬೇಡ ಎನ್ನುವವರು ಇದ್ದಿದ್ದರೆ ಒಲೆ ಹತ್ತುತ್ತಿರಲಿಲ್ಲ ಎಂದುಕೊಂಡೆ.

ಮೂರನೆಯ ದಿನವೂ ಒಲೆ ಹತ್ತಿತು, ಅಳತೆ ಕಡಿಮೆ ಮಾಡಿ. ಆ ದಿನ ಸಾರಿನ ಪಾತ್ರೆಯ ಮುಂದೆ ನಿಂತವಳು ಅಕ್ಕ. ಯಾರೂ ಅವಳಿಗೆ ಹೇಳಲಿಲ್ಲ, ಹೇಳುವವರು ಯಾರೂ ಇರಲಿಲ್ಲವಲ್ಲ. ಸೌಟು ಖಾಲಿ ಇತ್ತು, ತೆಗೆದುಕೊಂಡಳು. ಕಿಟಕಿಯಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು. ಒಗ್ಗರಣೆ ಹಾಕುವಾಗ ತಲೆಯನ್ನು ಎಡಕ್ಕೆ ವಾಲಿಸುವುದು ನಮ್ಮವ್ವನ ಹಾಗೆಯೇ.

ಊಟದ ಹೊತ್ತಿಗೆ ಆರೇಳು ಹೆಂಗಸರು ತಟ್ಟೆ ಹಿಡಿಯಲಿಲ್ಲ. ನಾನು ಚಹಾ ಕುಡಿಯುವ ನೆವದಲ್ಲಿ ಹೊರಗೆ ಹೋಗಿ, ಶಾಮಿಯಾನದ ಪಕ್ಕದ ಗಾಡಿಯ ಹತ್ತಿರ ನಿಂತಿದ್ದೆ. ಮಾತು ಕೇಳಿಸುತ್ತಿತ್ತು.

“ಉಣ್ಣ ಬಾ ಯಕ್ಕಾ,” ಎಂದಳು ಬಡಿಸುತ್ತಿದ್ದವಳು.

“ಇವತ್ತ ನನ್ನದು ಉಪಾಸದ.”

“ಬುಧವಾರ ಎಂಥಾ ಉಪಾಸ ಬೇ?”

“ಹರಕಿ ಹೊತ್ತೀನಿ.”

“ನಿನ್ನೆ ಎಲ್ಡು ಸಲ ನೀಡಿಸ್ಕೊಂಡಿದ್ದಿ, ಹರಕಿ ರಾತ್ರಿ ಹೊತ್ತಿಯೇನು?”

ಒಂದಿಬ್ಬರು ನಕ್ಕರು. ಅಕ್ಕ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಸಾರು ಕಲಕುತ್ತಲೇ ಇದ್ದಳು. ಉಪವಾಸ ಹಿಡಿದವರಲ್ಲಿ ಶಹಾಪುರದ ಕಡೆಯ ಒಬ್ಬ ಹೆಂಗಸಿದ್ದಳು, ಕನ್ನಡಕದವಳು, ಅಕ್ಷರ ದುಂಡಗೆ ಬರೆಯುತ್ತಿದ್ದಳು. ಬ್ಯಾನರಿನ ಕರಡು ಬರೆದವಳೂ ಅವಳೇ ಎಂದು ಆಮೇಲೆ ಗೊತ್ತಾಯಿತು. ಅವಳು ತನ್ನ ಚೀಲದಿಂದ ರೊಟ್ಟಿ ತೆಗೆದು, ಆಚೆ ತಿರುಗಿ, ಸೆರಗಿನ ಮರೆಯಲ್ಲಿ ತಿಂದಳು. ಉಪವಾಸದವರು ರೊಟ್ಟಿ ತಿನ್ನುವುದನ್ನು ನಾನು ನೋಡಿದೆ. ಅಕ್ಕನೂ ನೋಡಿದಳು.

ಅದೇ ಮಧ್ಯಾಹ್ನ ಮೇಲಿನಿಂದ ಮಾತು ಬಂತು. ನಾಳೆ ಹನ್ನೊಂದಕ್ಕೆ ಅಧಿಕಾರಿಗಳು ಕೆಳಗಿಳಿದು ಮನವಿ ಪತ್ರ ಸ್ವೀಕರಿಸುತ್ತಾರೆ, ಆಮೇಲೆ ಶಾಮಿಯಾನ ಬಿಚ್ಚಬೇಕು. ನಮ್ಮ ಕಡೆ ಪ್ರತಿ ಧರಣಿಯೂ ಹೀಗೆಯೇ ಮುಗಿಯುವುದು: ಮನವಿ ಪತ್ರ, ಕೊಡುವವರೊಬ್ಬರು, ತೆಗೆದುಕೊಳ್ಳುವವರೊಬ್ಬರು, ಫೋಟೋ. ಮೂರು ದಿನವಾದರೂ ಇವರ ಬಳಿ ಪತ್ರವಿರಲಿಲ್ಲ. ಈಗ ಗಡಿಬಿಡಿಯಲ್ಲಿ ಕನ್ನಡಕದವಳು ಹಾಳೆ ಹಿಡಿದು ಕುಳಿತಳು. ನಾಲ್ಕು ಗಂಟೆಗೆ ನಾನು ಮತ್ತೆ ಚಹಾದ ಗಾಡಿಯ ಹತ್ತಿರ ಇದ್ದೆ. ಆ ದಿನ ಎಷ್ಟು ಚಹಾ ಕುಡಿದೆನೋ.

ಒಬ್ಬೊಬ್ಬರೂ ಒಂದೊಂದು ಹೇಳಿದರು. ಪಗಾರ ತಿಂಗಳಿಗೆ ಸರಿಯಾಗಿ ಬರಬೇಕು. ಸಿಲಿಂಡರ್ ಹೊರುವುದಕ್ಕೆ ಆಳು ಬೇಕು. ಕೈ ಸುಟ್ಟರೆ ಔಷಧದ ಖರ್ಚು. ಶಾಲೆ ರಜೆಯಲ್ಲೂ ಏನಾದರೂ. ಅಡುಗೆ ಕೋಣೆಗೆ ತಗಡು. ಒಂದು ಹೇಳಿದ ಕೂಡಲೇ ಹತ್ತು ಬಾಯಿ ಹೂಂ ಎನ್ನುತ್ತಿದ್ದವು, ಕನ್ನಡಕದವಳು ಬರೆಯುತ್ತಿದ್ದಳು. ಆಮೇಲೆ ಅಕ್ಕ ಹೇಳಿದಳು.

“ಹಿರೇತನ ನೋಡಿ ಅಡಿಗಿ ಮಾಡಾಕ ಹಚ್ಚಬೇಕು, ಜಾತಿ ನೋಡಿ ಪಾತ್ರಿ ತಿಕ್ಕಾಕ ಹಚ್ಚಬಾರದು. ಇದೊಂದು ಬರಕೋರಿ.”

ಹೂಂ ಬರಲಿಲ್ಲ. ಪೆನ್ನು ಹಾಳೆಯ ಮೇಲೆ ನಿಂತಿತ್ತು.

“ಬರೀರಿ ಮತ್ತ,” ಎಂದಳು ಅಕ್ಕ.

“ಬರೀತೀನಿ ಯಕ್ಕಾ. ಎಲ್ಲಾರೂ ಹೂಂ ಅಂದ್ರ ಬರೀತೀನಿ. ನಾ ಒಬ್ಬಾಕಿ ಯಾರು ಬರಿಯಾಕ?”

“ಯಾರರ ಬ್ಯಾಡ ಅಂದ್ರೇನು?”

“ಬ್ಯಾಡ ಅಂತ ಯಾರೂ ಅಂದಿಲ್ಲ ತಗಿ.”

“ಒಗ್ಗಟ್ಟಿಲೆ ಕುಂತೀವಿ,” ಎಂದಳು ಹಿಂದಿನಿಂದ ಇನ್ನೊಬ್ಬಳು, ಯಾರತ್ತಲೂ ನೋಡದೆ. “ಇಂಥಾವು ತಗದ್ರ ಒಡೀತದ.”

ಆಮೇಲೆ ಯಾರೋ “ನೀರಿನ ಟಾಕಿದು ಬರದ್ರೇನು?” ಎಂದರು. ನೀರಿನ ಟಾಕಿಗೆ ಹತ್ತು ಬಾಯಿ ಹೂಂ ಎಂದವು. ಪೆನ್ನು ಓಡಿತು.

ಮುಖಂಡೆಯೊಬ್ಬಳು ಇದ್ದಿದ್ದರೆ ಆಗುವುದಿಲ್ಲ ಎನ್ನುತ್ತಿದ್ದಳು, ಅವಳ ಜೊತೆ ಜಗಳವಾಡಬಹುದಿತ್ತು. ಇಲ್ಲಿ ಜಗಳವಾಡಲು ಎದುರಿಗೆ ಯಾರೂ ಇರಲಿಲ್ಲ.

ಸಂಜೆ ಆರಕ್ಕೆ ಅಕ್ಕ ಸ್ಟೇಷನ್ನಿಗೆ ಬಂದಳು, ನಾನು ಹೇಳಿದ್ದೆ. ಪ್ಲಾಟ್‌ಫಾರ್ಮಿನ ಕೊನೆಯ ಕಲ್ಲುಬೆಂಚಿನಲ್ಲಿ ಕುಳಿತೆವು. ಅಲ್ಲಿ ನಮ್ಮ ಕಚೇರಿಯವರು ಯಾರೂ ಬರುವುದಿಲ್ಲ. ಅವಳ ಸೀರೆಗೆಲ್ಲ ಹೊಗೆಯ ವಾಸನೆ.

“ನಿಮ್ಮ ಕಾಗದ ಎಲ್ಲಿಗಿ ಬರ್ತದ ಗೊತ್ತೇನು?” ಎಂದೆ.

“ನಿನ್ನ ಕಡಿ.”

“ಯಾರಿಂದ ಅಂತ ಕಾಲಂ ಅದ. ಅದರಾಗ ಒಂದು ಹೆಸರು ಬೇಕು. ಹೆಸರಿಲ್ಲಂದ್ರ ಹಿಂಬರಹ, ಅಂದ್ರ ಉತ್ತರ, ಯಾರಿಗಿ ಕಳಸ್ತಾರ? ಯಾರಿಗೂ ಇಲ್ಲ. ಕಡತದಾಗ ಇಟ್ಟು ದಾರ ಕಟ್ತಾರ. ಇದೇನು ಚಳವಳಿ ಅಕ್ಕಾ, ಸಂತಿ.”

“ಸಂತಿನೇ ಅನ್ನು. ಹೆಸರು ಹಾಕಿದ್ರ ಏನಾಗ್ತದ ಅದೂ ಹೇಳು.”

ಅವಳೇ ಹೇಳಿದಳು. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಪತ್ರದಲ್ಲಿ ಮೊದಲ ಸಹಿ ಹಾಕಿದ ಹೆಂಗಸನ್ನು ಮರುವರ್ಷ ಜೂನ್ ತಿಂಗಳಲ್ಲಿ ಶಾಲೆಗೆ ಕರೆಯಲೇ ಇಲ್ಲವಂತೆ. ತೆಗೆದು ಹಾಕಿದೆವು ಎಂದು ಯಾರೂ ಹೇಳಲಿಲ್ಲ. ಕರೆಯಲಿಲ್ಲ, ಅಷ್ಟೆ. ಅದಕ್ಕೇ ಈ ಸಲ ಯಾರೂ ಮುಂದೆ ನಿಲ್ಲುವುದು ಬೇಡ ಎಂದು ಮಾತಾಗಿತ್ತು. ನಾನು ಇದನ್ನು ಎಣಿಸಿರಲಿಲ್ಲ. ಎಣಿಸದೆಯೇ ಮೂರು ದಿನ ಕಿಟಕಿಯಿಂದ ನಕ್ಕಿದ್ದೆ.

“ನನ್ನ ಮಾತು ಅದರಾಗ ಇಲ್ಲ,” ಎಂದಳು. “ಕೇಳಿದಿಲ್ಲ ನೀ, ಚಹಾ ಕುಡಕೋತ?”

“ಕೇಳಿದೆ.”

“ಮತ್ತ ನೀ ಬರೀತಿಯೇನು, ನನ್ನದೊಂದು ಬ್ಯಾರೆ? ನೀ ಬರದ್ರ ತಪ್ಪಿರಂಗಿಲ್ಲ.”

ಇಲ್ಲಿಂದ ಮುಂದೆ ನಮ್ಮಿಬ್ಬರ ನೆನಪು ಕೂಡುವುದಿಲ್ಲ. ನಾನು ಅವಳಿಗೆ ಅಪಾಯವನ್ನು ವಿವರಿಸಿದೆ, ಯೋಚನೆ ಮಾಡು ಎಂದೆ ಎಂದು ನನ್ನ ನೆನಪು. ಅಕ್ಕ ಹೇಳುವುದು ಬೇರೆ: ನಾನು ನೋಡೋಣ ಎಂದೆ, ಆಮೇಲೆ ಬರುವ ರೈಲು ಯಾವುದೆಂದು ಬೋರ್ಡು ಓದುತ್ತ ಕುಳಿತೆ. ಅವಳದೇ ನಿಜವಿರಬೇಕು. ವಿವರಿಸಿದ್ದರೆ ನಾನು ಬಳಸಿದ ಒಂದಾದರೂ ಶಬ್ದ ನೆನಪಿರಬೇಕಿತ್ತು. ಒಂದೂ ನೆನಪಿಲ್ಲ.

ಮರುದಿನ ಹನ್ನೊಂದಕ್ಕೆ ಅಧಿಕಾರಿ ಕೆಳಗಿಳಿದರು. ಇಡೀ ಕಚೇರಿ ಕಿಟಕಿಗಳಲ್ಲಿತ್ತು. “ಯಾರು ಕೊಡ್ತೀರಿ?” ಎಂದು ಅವರು ಕೇಳಿದರು. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಕೈ ಹಾಕಿದರು. ಒಂದು ಹಾಳೆಗೆ ಇಪ್ಪತ್ತು ಕೈಗಳು. ಹಿಂದಿನವರು ಮುಂದಿನವರ ಮೊಣಕೈ ಹಿಡಿದಿದ್ದರು. ಫೋಟೋ ತೆಗೆಯುವವರಿಗೆ ಹಾಳೆ ಕಾಣಿಸದೆ, ಸರಿಯಿರಿ ಸರಿಯಿರಿ ಎಂದು ಕೂಗಿ, ಎಳೆದಾಟದಲ್ಲಿ ಪತ್ರದ ಒಂದು ಮೂಲೆ ಹರಿಯಿತು. ಮಧ್ಯಾಹ್ನದೊಳಗೆ ಆ ಚಿತ್ರವೂ ಮೊಬೈಲಿಗೆ ಬಂತು. ಅಧಿಕಾರಿಯ ಕೈಯಿಂದ ಹೆಂಗಸರು ಏನನ್ನೋ ಕಿತ್ತುಕೊಳ್ಳುತ್ತಿರುವ ಹಾಗೆ ಕಾಣುತ್ತಿತ್ತು.

ಪತ್ರ ನನ್ನ ಮೇಜಿಗೆ ಬಂತು. ಒಂಬತ್ತು ಬೇಡಿಕೆಗಳು, ದುಂಡನೆಯ ಅಕ್ಷರ. ಹಿಂಬದಿಗೆ ಸಹಿಗಳು. ಊಟದ ತಟ್ಟೆಯನ್ನು ಬೋರಲು ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ಆ ಗೆರೆಯ ಸುತ್ತ ಸಹಿ, ಹೆಬ್ಬೆಟ್ಟು ಹಾಕಿದ್ದರು. ಮೊದಲನೆಯದು ಎಂಬುದಿಲ್ಲ, ಕೊನೆಯದೆಂಬುದಿಲ್ಲ. ಅಕ್ಕನ ಸಹಿಯೂ ಅದರಲ್ಲಿತ್ತು, ತನ್ನ ಮಾತಿಲ್ಲದ ಪತ್ರಕ್ಕೆ.

“ಯಾರದರ ಒಂದು ಹೆಸರು ಬರಕೋರಿ,” ಎಂದರು ಗುಮಾಸ್ತರು. “ಮ್ಯಾಲಿಂದು ಯಾವುದು ಕಾಣ್ತದೋ ಅದು.”

ಹಾಳೆಯನ್ನು ತಿರುಗಿಸಿದರೆ ಮೇಲಿನದು ಬದಲಾಗುತ್ತಿತ್ತು. ನಾನು ಯಾರ ಹೆಸರು ಬರೆಯುತ್ತೇನೋ ಅವಳು ಮುಖಂಡೆಯಾಗುತ್ತಿದ್ದಳು, ಜೂನ್ ತಿಂಗಳಲ್ಲಿ ಅವಳನ್ನು ಕರೆಯುತ್ತಿರಲಿಲ್ಲ. ಪೆನ್ನು ಹಿಡಿದು ಕುಳಿತೆ. ಕೊನೆಗೆ ‘ಬಿಸಿಯೂಟ ಮಾಡುವವರು, ಸಹಿ ಹಿಂಬದಿ’ ಎಂದು ಬರೆದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದೇ ಬರೆದೆ.

ತಲೆ ಎತ್ತಿದಾಗ ಟಪಾಲು ಕಿಂಡಿಯಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ.

“ಸಾಹೇಬ್ರ, ಇದೊಂದು ತಗೋರಿ,” ಎಂದಳು.

ನನ್ನನ್ನು ಮಾತಾಡಿಸಬೇಡ ಎಂದಿದ್ದೆನಲ್ಲ. ಅವಳು ಆ ಮಾತನ್ನು ಉಳಿಸಿಕೊಂಡಿದ್ದಳು.

“ಧರಣಿದೇನವ್ವಾ? ಅದು ಬಂದದ,” ಎಂದರು ಗುಮಾಸ್ತರು ಅಲ್ಲಿಂದಲೇ.

“ಅಲ್ರಿ. ಇದು ನನ್ನದೊಂದೇ.”

ಏಳನೇ ಇಯತ್ತೆ ಓದಿದವಳ ಅಕ್ಷರ, ಗೆರೆ ಬಿಟ್ಟು ಗೆರೆ. ಶಾಲೆಯ ಹೆಸರು, ತಾರೀಖು. ‘ನಾನು ಹಿರಿತನದಲ್ಲಿ ಮುಖ್ಯ ಅಡುಗೆಯವಳು. ಜಾತಿ ಕಾರಣದಿಂದ ನನ್ನನ್ನು ಪಾತ್ರೆ ತೊಳೆಯಲು ಹಚ್ಚಿದ್ದಾರೆ. ನನಗೆ ಅಡುಗೆ ಮಾಡಲು ಬಿಡಬೇಕು ಇಲ್ಲವೇ ಬಿಡುವುದಿಲ್ಲ ಎಂದು ಬರೆದು ಕೊಡಬೇಕು.’ ತಪ್ಪುಗಳಿದ್ದವು. ನಾನು ಬರೆದಿದ್ದರೆ ತಪ್ಪುಗಳಿರುತ್ತಿರಲಿಲ್ಲ. ಆ ಕೊನೆಯ ವಾಕ್ಯವೂ ಇರುತ್ತಿರಲಿಲ್ಲ.

ಪದ್ಧತಿಯಂತೆ ನಾನು ಕೇಳಿದೆ: “ಹೆಸರು?”

ನನ್ನ ಅಕ್ಕನ ಹೆಸರನ್ನು ನಾನು ಅವಳನ್ನೇ ಕೇಳಿದೆ. ಅವಳು ಹೇಳಿದಳು.

“ತಂದಿ ಹೆಸರು ಕೇಳ್ರಿ,” ಎಂದರು ಗುಮಾಸ್ತರು. “ಆ ಹೆಸರಿನೋರು ಊರಿಗಿ ನಾಕು ಮಂದಿ ಇರ್ತಾರ.”

ಅಕ್ಕ ಬಾಯಿ ತೆರೆಯಲಿಲ್ಲ. ನಮ್ಮಪ್ಪನ ಹೆಸರು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ನನ್ನ ಮೇಜಿನ ಫಲಕದಲ್ಲಿ ನನ್ನ ಹೆಸರಿನ ಜೊತೆಗೇ ಇದೆ. ಅವಳು ಫಲಕ ನೋಡಿದಳು, ನನ್ನನ್ನು ನೋಡಿದಳು. ಹೇಳುವುದೋ ಬಿಡುವುದೋ ನನಗೆ ಬಿಟ್ಟಿದ್ದಳು. ಫ್ಯಾನು ತಿರುಗುತ್ತಿತ್ತು. ಹಿಂದಿನಿಂದ ಯಾರೋ ಡಬ್ಬಿ ಬಿಚ್ಚುತ್ತಿದ್ದರು.

ಕೇಳದೆಯೇ ಬರೆದೆ.

“ಆಕಿ ಹೇಳೇ ಇಲ್ಲ, ನೀವೇನ ಬರದ್ರಿ?” ಎಂದರು ಗುಮಾಸ್ತರು.

“ನಮ್ಮ ಅಕ್ಕ ಆಕಿ,” ಎಂದೆ.

ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಮತ್ತೆ ಅಗಿದರು. “ಹೌದೇನ್ರಿ,” ಎಂದರು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಅವರು ಯಾವಾಗಿನಂತೆ ನನ್ನ ಪುಂಡಿಪಲ್ಯ ತೆಗೆದುಕೊಂಡರೋ ಇಲ್ಲವೋ, ಅದನ್ನು ಖಚಿತವಾಗಿ ಬರೆಯಲು ನನಗೆ ಇಷ್ಟವಿತ್ತು. ಆ ದಿನ ನಾನು ಊಟಕ್ಕೇ ಕೂಡಲಿಲ್ಲ. ಹಸಿವಿಲ್ಲ ಎಂದೆ.

ದಸರೆಯ ಹೊತ್ತಿಗೆ ಅಕ್ಕನಿಗೆ ಹಿಂಬರಹ ಬಂತು. ಶಾಲೆಗೂ ಒಂದು ಪತ್ರ ಹೋಯಿತು: ಹಿರಿತನದಂತೆ ಅಡುಗೆ ಮಾಡಿಸಬೇಕು, ತಪ್ಪಿದರೆ ಕಾರಣ ಬರೆದು ತಿಳಿಸಬೇಕು. ಕಾರಣವನ್ನು ಬರೆಯಲು ಯಾರೂ ತಯಾರಿರಲಿಲ್ಲ. ಸೌಟು ಅವಳ ಕೈಗೆ ಬಂತು. ಜೂನ್ ತಿಂಗಳಲ್ಲಿ ಕರೆಯುತ್ತಾರೋ ಇಲ್ಲವೋ ಎಂದು ಕಾದೆವು. ಕರೆದರು. ಒಂಬತ್ತು ಬೇಡಿಕೆಗಳ ಪತ್ರ ಏನಾಯಿತು ಎಂದು ಕೇಳಿದರೆ, ಪರಿಶೀಲನೆಯಲ್ಲಿದೆ.

ಈ ಕಥೆಯನ್ನು ನಾನು ಎರಡು ವರ್ಷ ಹೀಗೆಯೇ ಹೇಳಿಕೊಂಡು ಬಂದೆ. ನಲವತ್ತು ಜನರ ಹೆಸರಿಲ್ಲದ ಪತ್ರ ಕಡತ ಸೇರಿತು, ಒಬ್ಬಳ ಹೆಸರಿರುವ ಪತ್ರ ಕೆಲಸ ಮಾಡಿತು. ಕೇಳಿದವರು ತಲೆದೂಗುತ್ತಿದ್ದರು. ನನಗೂ ಅದು ಹಿತವಾಗಿತ್ತು. ನಾಯಕರಿಲ್ಲದ ಗುಂಪಿನ ಬಗ್ಗೆ ನಾನು ಮೊದಲ ದಿನವೇ ಪಟ್ಟ ಅನುಮಾನ ಸರಿ ಎಂದು ಅದು ತೋರಿಸುತ್ತಿತ್ತು, ಜೊತೆಗೆ ಕೊನೆಯಲ್ಲಿ ನಾನು ಅಕ್ಕ ಎಂದದ್ದೂ ಅದರಲ್ಲಿತ್ತು.

ಮೊನ್ನೆ ರಜಿಸ್ಟರು ತೆರೆದೆ. ಆ ದಿನದ ಪುಟದಲ್ಲಿ ಅಕ್ಕನ ಹೆಸರಿನ ಕೆಳಗಿನ ಸಾಲಿನಲ್ಲಿ ಇನ್ನೊಂದು ಹೆಸರಿದೆ. ವಿಷಯದ ಕಾಲಮ್ಮಿನಲ್ಲಿ ‘ಮೇಲಿನಂತೆ’. ಅದರ ಕೆಳಗೆ ಮತ್ತೊಂದು, ಮತ್ತೊಂದು. ಮೂವರು ಹೆಂಗಸರು, ಮೂರು ಪೂರ್ತಿ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು. ಮೊದಲನೆಯದು ಶಹಾಪುರ ಕಡೆಯದು. ಎಲ್ಲವೂ ನನ್ನ ಕೈಬರಹ, ನನ್ನ ಸಹಿ. ಒಂದೇ ವಿಷಯದ ನಾಲ್ಕು ಅರ್ಜಿಗಳು ಒಂದೇ ದಿನ ಬಂದರೆ ನಮ್ಮಲ್ಲಿ ಅವನ್ನು ಒಂದೇ ಕಡತಕ್ಕೆ ಹಾಕುತ್ತಾರೆ, ಅಂಥ ಕಡತವನ್ನು ದಾರ ಕಟ್ಟಿ ಇಡುವುದು ಸುಲಭವಲ್ಲ. ಒಬ್ಬಳದೇ ಆಗಿದ್ದರೆ ಸುಲಭವಿತ್ತು.

ನನಗೆ ಆ ಮೂವರು ಬಂದದ್ದು ನೆನಪಿಲ್ಲ. ಈಗ ಎಷ್ಟು ಒತ್ತಿ ಹುಡುಕಿದರೂ ಕಿಂಡಿಯಲ್ಲಿ ಅಕ್ಕನ ಮುಖವಷ್ಟೇ ಕಾಣುತ್ತದೆ. ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ.

“ಆ ದಿನ ನಿನ್ನ ಹಿಂದ ಯಾರರ ಬಂದಿದ್ರೇನು ಕಿಂಡಿಗಿ?”

“ಮೂರು ಮಂದಿ ಬಂದಿದ್ರು. ನೀನೇ ಬರಕೊಂಡಿಯಲ್ಲೋ.”

“ಚಸ್ಮಾದಾಕಿ ಇದ್ಲೇನು? ಉಪಾಸ ಅಂದಾಕಿ?”

“ಆಕಿನೇ ಮೊದಲ. ಆಕಿ ನೀರು ಕೇಳಿದ್ಲು. ನೀನೇ ನಿನ್ನ ಬಾಟ್ಲಿ ನೀರು ಕೊಟ್ಟಿ. ನೆನಪಿಲ್ಲೇನು?”

“ಇಲ್ಲ.”

“ನಿನಗ ಹ್ಯಾಂಗ ನೆನಪಿರ್ತದ. ಇವರ ಕಡಿಂದ ಏನೂ ಆಗಂಗಿಲ್ಲ ಅಂತ ನೀ ಮೊದ್ಲೇ ಬರದಿಟ್ಟಿದ್ದಿ.”

ಅವಳ ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗದ್ದಲ. ಉಪವಾಸದವಳು ಯಾಕೆ ಬಂದಳು ಎಂದು ಕೇಳಿದೆ. ಗೊತ್ತಿಲ್ಲ, ಕೇಳಿಲ್ಲ ಎಂದಳು. ಆ ಚಳವಳಿಗೆ ಏನು ಬೇಕಾಗಿತ್ತು ಎಂದು ನನಗೆ ಇವತ್ತಿಗೂ ಒಂದು ಸಾಲಿನಲ್ಲಿ ಹೇಳಲು ಬರುವುದಿಲ್ಲ. ಆ ಪುಟವನ್ನು ಫೋಟೋ ತೆಗೆದುಕೊಂಡು ರಜಿಸ್ಟರನ್ನು ಮೇಲೆ ಕಳಿಸಿದೆ. ನೆನಪು ಮತ್ತೆ ಅದನ್ನು ಅಳಿಸುತ್ತದೆ ಎಂಬ ಹೆದರಿಕೆ.

“ಇವತ್ತ ಡಬ್ಬಿ ಎಷ್ಟು ಬಂದಾವ?” ಎಂದು ಕೇಳಿದೆ. ಇದು ನಮ್ಮಿಬ್ಬರ ನಡುವೆ ದಿನದ ಪ್ರಶ್ನೆ.

“ಏಳು. ನಿನ್ನೆ ಆರಿದ್ದುವು.”

“ಒಂದು ಹೆಚ್ಚಾದ್ವಲ್ಲ.”

“ಆಗ್ತಾವ, ಕಡಿಮಿ ಆಗ್ತಾವ. ಇಡು ಈಗ, ಬ್ಯಾಳಿ ಉಕ್ಕಾಕತ್ತದ.”